ಪದವು, ಶೇಡಿ, ಪಾದೆ

ನಮ್ಮ ಹಿತ್ತಿಲಲ್ಲಿ ಬಾವಿ ತೋಡಿದ್ದು ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಮಂಗಳೂರಿನ ಪದವೊಂದರ ಮೇಲಿನ ಮನೆ. ಎಪ್ರಿಲ್ ಬಂತೆಂದರೆ ನಳ್ಳಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು. ತೋಡಲು ಬಂದವರಲ್ಲಿ ಹಿರಿಯರೊಬ್ಬರು ದಿನವೂ ಸಂಜೆ ಹಗ್ಗ ಹಿಡಿದು ಮೇಲೆ ಬಂದು, ಅಂಗಳದಲ್ಲಿ ಕೂತು ಅಜ್ಜಿಗೆ ವರದಿ ಒಪ್ಪಿಸುತ್ತಿದ್ದರು. ಮೊದಲ ದಿನಗಳೆಲ್ಲ ಒಂದೇ ಮಾತು: "ಮುರಕಲ್ಲು ಅಮ್ಮ." ಆಮೇಲೊಂದು ದಿನ, "ಶೇಡಿ ಸಿಕ್ಕಿತು." ಅಜ್ಜಿಯ ಮುಖ ಸಣ್ಣದಾಯಿತು. ಬಾವಿಯ ಗೋಡೆ ಜರಿಯುವುದು ಶೇಡಿಯಲ್ಲೇ ಎಂದು ಅವರಿಗೆ ಗೊತ್ತಿತ್ತು. ಕೊನೆಗೆ ಪಿಕ್ಕಾಸಿನ ಸದ್ದು ಬದಲಾಯಿತು. ಅಷ್ಟು ದಿನ ಧಪ್ ಧಪ್ ಅನ್ನುತ್ತಿದ್ದದ್ದು ಠಣ್ ಎಂದಿತು. "ಪಾದೆ. ಇನ್ನು ನನ್ನ ಕೆಲಸ ಇಲ್ಲ" ಎಂದು ಹೇಳಿ ಅವರು ಕೈಕಾಲು ತೊಳೆದುಕೊಂಡರು. ಪಾದೆಯ ತಲೆಯ ಮೇಲೆ ಮೊಣಕಾಲಿನಷ್ಟು ನೀರು ನಿಂತಿತ್ತು.

ಎಷ್ಟೋ ವರ್ಷಗಳ ನಂತರ ಭೂವಿಜ್ಞಾನದ ಪುಸ್ತಕವೊಂದರಲ್ಲಿ ಕರಾವಳಿಯ ನೆಲದ ಅಡ್ಡಕೊಯ್ತದ ಚಿತ್ರ ನೋಡಿದೆ. ಮೇಲೆ ಲ್ಯಾಟರೈಟ್, ನಡುವೆ ಲಿಥೋಮಾರ್ಜ್, ತಳದಲ್ಲಿ ನೈಸ್. ಆ ಹಿರಿಯರು ಅಂಗಳದಲ್ಲಿ ಕೂತು ಹೇಳಿದ ಮೂರು ಮಾತನ್ನೇ ಯಾರೋ ಬೇರೆ ಅಕ್ಷರದಲ್ಲಿ ಬರೆದಿಟ್ಟ ಹಾಗಿತ್ತು. ಮಂಗಳೂರಿಗೆ ಬಂದ ನೆಂಟರಿಗೆ ನಾವು ಪಣಂಬೂರಿನ ಕಡಲನ್ನು ತೋರಿಸುತ್ತೇವೆ, ಮಲ್ಪೆಯಿಂದ ದೋಣಿ ಹತ್ತಿಸಿ ಸೈಂಟ್ ಮೇರೀಸ್ ದ್ವೀಪಕ್ಕೆ ಕಳಿಸುತ್ತೇವೆ. ಕಾಲಡಿಯ ಈ ಮೂರು ಪದರವನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಆದರೆ ಈ ಊರಿನ ಗುಡ್ಡ, ಬೈಲು, ಒರತೆ, ಗೋಡೆ, ಮಳೆಗಾಲದ ಭಯ, ಎಲ್ಲವೂ ಅಲ್ಲಿಂದಲೇ ಹುಟ್ಟಿದ್ದು.

ಮೇಲಿನಿಂದಲೇ ಶುರು ಮಾಡೋಣ. ಮುರಕಲ್ಲಿಗೆ ಘಟ್ಟದ ಮೇಲಿನವರು ಜಂಬಿಟ್ಟಿಗೆ ಎನ್ನುತ್ತಾರೆ. ಆ ಹೆಸರಿನೊಳಗೆ ಇಟ್ಟಿಗೆ ಇರುವುದನ್ನು ಗಮನಿಸಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನೇನಿದೆ ಎಂದು ನೋಡಿಬರಲು ಈಸ್ಟ್ ಇಂಡಿಯಾ ಕಂಪನಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಅವರನ್ನು ಕಳಿಸಿತು. 1800ರಲ್ಲಿ ಮದ್ರಾಸಿನಿಂದ ಹೊರಟ ಬುಕಾನನ್ ಮೈಸೂರು, ಮಲಬಾರು ಸುತ್ತಿ 1801ರ ಆರಂಭದಲ್ಲಿ ನಮ್ಮ ಕೆನರಾಕ್ಕೂ ಬಂದರು. ಮಲಬಾರಿನ ಅಂಗಾಡಿಪುರದಲ್ಲಿ ಜನ ನೆಲದಿಂದ ಮೆತ್ತಗಿನ ಕಲ್ಲನ್ನು ಇಟ್ಟಿಗೆಯ ಆಕಾರಕ್ಕೆ ಕಡಿದು ತೆಗೆಯುವುದನ್ನು ನೋಡಿದರು. ಅಲ್ಲಿನವರೂ ಅದನ್ನು ಇಟ್ಟಿಗೆ ಕಲ್ಲು ಎಂದೇ ಕರೆಯುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಲ್ಯಾಟರ್ ಎನ್ನುತ್ತಾರೆ. 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ ಬುಕಾನನ್ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಇವತ್ತು ಬ್ರೆಜಿಲಿನಲ್ಲಿರಲಿ, ಆಫ್ರಿಕಾದಲ್ಲಿರಲಿ, ಈ ಜಾತಿಯ ಕಲ್ಲಿಗೆ ಅದೇ ಹೆಸರು. ನಮ್ಮ ಕಡೆಯ ಕಲ್ಲುಕಡಿಯುವವರ ಮಾತು ಲ್ಯಾಟಿನ್ ಅಂಗಿ ತೊಟ್ಟು ಲೋಕ ಸುತ್ತಿತು, ಅಷ್ಟೇ.

ಮುರಕಲ್ಲು ಬೇರೆ ಕಲ್ಲುಗಳ ಹಾಗೆ ಹುಟ್ಟಿದ್ದಲ್ಲ. ಲಾವಾ ಆರಿ ಆದದ್ದಲ್ಲ, ಕಡಲ ತಳದಲ್ಲಿ ಕೆಸರು ಕೂತು ಆದದ್ದೂ ಅಲ್ಲ. ಅದು ಉಳಿಕೆ. ತಳದಲ್ಲಿರುವ ಪಾದೆಯೇ ಮಳೆಗೆ ಕರಗಿ, ಕರಗಲಾರದ್ದು ಉಳಿದದ್ದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕುಡಿದು ತುಸು ಹುಳಿಯಾಗಿರುತ್ತದೆ. ಕೊಳೆತ ಎಲೆಗಳ ನಡುವೆ ಇಳಿಯುವಾಗ ಇನ್ನಷ್ಟು ಹುಳಿಯಾಗುತ್ತದೆ. ಬಿಸಿ, ತೇವ, ಹುಳಿ, ಮೂರೂ ಸೇರಿದರೆ ಎಂಥ ಕಲ್ಲೂ ನಿಧಾನಕ್ಕೆ ಸಡಿಲವಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೊದಲು ಕರಗಿ ಹೋಗುತ್ತವೆ. ಆಮೇಲೆ ಕಲ್ಲಿನ ಮೂಳೆಯಂತಿದ್ದ ಸಿಲಿಕಾವೂ ಹೊಳೆಯ ಪಾಲಾಗುತ್ತದೆ. ಕೊನೆಗೆ ಹಟ ಹಿಡಿದು ಕೂರುವವು ಎರಡು: ಕಬ್ಬಿಣ ಮತ್ತು ಅಲ್ಯೂಮಿನಿಯಂ. ಗಾಳಿ ತಾಗಿದ ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ನೀರಿಗೆ ಕರಗುವುದಿಲ್ಲ. ಹಳೆಯ ಗೇಟಿನ ಮೇಲಿರುವುದೂ ನಮ್ಮ ಪದವಿನ ಮೇಲಿರುವುದೂ ರಾಸಾಯನಿಕವಾಗಿ ಹೆಚ್ಚುಕಡಿಮೆ ಒಂದೇ ಸರಕು. ಹೆಮಟೈಟ್ ಆದರೆ ಕೆಂಪು, ಗೋಥೈಟ್ ಆದರೆ ಅರಿಶಿನ-ಕಂದು. ಕಲ್ಲಿನ ತುಂಬ ತೂತು, ಜೇನುಗೂಡಿನ ಹಾಗೆ. ಕರಗಿ ಹೋದದ್ದರ ಜಾಗ ಅದು.

ಈ ಕಲ್ಲಿನ ಒಂದು ಗುಣ ಮೇಸ್ತ್ರಿಗಳಿಗೆಲ್ಲ ಗೊತ್ತು. ಕೋರೆಯಿಂದ ತೆಗೆದ ಹೊಸತರಲ್ಲಿ ಕೊಡಲಿಗೆ ಬಗ್ಗುತ್ತದೆ, ಬಿಸಿಲು-ಗಾಳಿ ಕುಡಿದ ಮೇಲೆ ಬಗ್ಗುವುದಿಲ್ಲ. ನೆಲದೊಳಗೆ ಒದ್ದೆಯಾಗಿದ್ದ ಕಬ್ಬಿಣದ ಸಂಯುಕ್ತಗಳು ನೀರು ಬಿಟ್ಟುಕೊಟ್ಟು ಹರಳುಗಟ್ಟುವುದರಿಂದ ಹೀಗೆ. ಅದಕ್ಕೇ ಕಡಿದ ಕಲ್ಲನ್ನು ಕೆಲವು ಕಾಲ ಹೊರಗೆ ಪೇರಿಸಿಟ್ಟು ಆಮೇಲೆ ಗೋಡೆ ಕಟ್ಟುವುದು. ಆದರೆ ಎಷ್ಟೇ ಗಟ್ಟಿಯಾದರೂ ಅದರಲ್ಲಿ ಕಣ್ಣು-ಮೂಗು ಕೆತ್ತಲು ಸಾಧ್ಯವಿಲ್ಲ; ತೂತಿನ ಕಲ್ಲಿಗೆ ನಯ ಎಲ್ಲಿಂದ ಬರಬೇಕು? ಕರಾವಳಿಯಲ್ಲಿ ಮನೆಯ ಗೋಡೆ ಮುರಕಲ್ಲಿನದು, ದೇವರು ಮಾತ್ರ ಬೇರೆ ಕಲ್ಲಿನವನು. 1432ರ ಕಾರ್ಕಳದ ಗೊಮ್ಮಟ ನಿಂತಿರುವುದು ಗಟ್ಟಿ ಬಂಡೆಯ ಗುಡ್ಡದ ಮೇಲೆ, ಗಟ್ಟಿ ಶಿಲೆಯಲ್ಲೇ. ಕರಿಕಲ್ಲೇ ಕಾರ್ಕಳವಾಯಿತು ಎನ್ನುವವರೂ ಇದ್ದಾರೆ. ಮುರಕಲ್ಲಿನಲ್ಲಿ ಮಾಡಬಹುದಾದದ್ದು ಕೊರೆಯುವುದು, ಟೊಳ್ಳು ಮಾಡುವುದು. ಕದ್ರಿ ಗುಡ್ಡದ ಮೇಲಿನ ಪಾಂಡವರ ಗುಹೆಗಳನ್ನು ನೋಡಿದರೆ ಇದು ತಿಳಿಯುತ್ತದೆ: ಅಲಂಕಾರವಿಲ್ಲದ, ಕೆಂಪು ಗೋಡೆಯ, ತಂಪು ಕೋಣೆಗಳು. (ಈಗಂತೂ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿ, ಅದರ ಮೇಲೆ ತೆಳ್ಳಗೆ ಕೊಯ್ದ ಮುರಕಲ್ಲಿನ ಹಾಳೆ ಅಂಟಿಸುವ ಶೋಕಿ ಬಂದಿದೆ. ಕಲ್ಲಿಗೆ ಬಂದ ಕಾಲ!)

ಮುರಕಲ್ಲಿನ ಗಟ್ಟಿ ತೊಗಟೆ ಹೊದ್ದ ಬಯಲೇ ಪದವು. ಸುತ್ತಲ ಮೆತ್ತಗಿನ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋದರೂ ತೊಗಟೆ ಇದ್ದಲ್ಲಿ ನೆಲ ಎತ್ತರಕ್ಕೇ ಉಳಿಯುತ್ತದೆ. ಮೇಲೆ ಸಪಾಟು, ಅಂಚಿನಲ್ಲಿ ಕಡಿದಾದ ಇಳಿಜಾರು, ಕೆಳಗೆ ಗದ್ದೆಯ ಬೈಲು. ಮಂಗಳೂರಿನ ಊರ ಹೆಸರುಗಳಲ್ಲೇ ಈ ನಕ್ಷೆ ಇದೆ: ಪದವಿನಂಗಡಿ, ಬಾವುಟಗುಡ್ಡೆ. ಬಜ್ಪೆಯ ವಿಮಾನ ನಿಲ್ದಾಣವನ್ನು ಟೇಬಲ್‌ಟಾಪ್ ಎನ್ನುತ್ತಾರಲ್ಲ, ಆ ಮೇಜು ಕೂಡ ಮುರಕಲ್ಲಿನ ದಿಬ್ಬವೇ. ಅಂಚಿನಾಚೆ ಕಮರಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಆ ಅಂಚು ದಾಟಿ ಬಿದ್ದು 158 ಮಂದಿ ಸತ್ತ ಮೇಲೆ, ಪದವಿನ ಅಂಚು ಎಂದರೇನೆಂದು ಊರಿನ ಮಕ್ಕಳಿಗೂ ಗೊತ್ತಾಯಿತು.

ಬೇಸಗೆಯಲ್ಲಿ ಪದವು ಕಾದ ಕಾವಲಿ. ಆದರೆ ಜುಲೈ-ಆಗಸ್ಟ್‌ನಲ್ಲಿ, ಕೊಣಾಜೆಯ ಕಡೆಗೋ ಮೂಡುಬಿದಿರೆಯ ಕಡೆಗೋ, ಮನೆ ಏಳದೆ ಉಳಿದ ಒಂದು ಪದವಿಗೆ ಹೋಗಿ ಮೊಣಕಾಲೂರಿ ಕೂತು ನೋಡಿ. ಕಲ್ಲಿನ ತಗ್ಗುಗಳಲ್ಲಿ ಬೆರಳುದ್ದ ನೀರು, ಅದರಲ್ಲಿ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ, ಪಕ್ಕದ ಒದ್ದೆ ಮಣ್ಣಿನಲ್ಲಿ ಅಂಟುಹನಿ ಹೊತ್ತ ಡ್ರಾಸೆರಾ. ಎರಡೂ ಹುಳ ತಿನ್ನುವ ಗಿಡಗಳು. ಪೋಷಕಾಂಶವೆಲ್ಲ ತೊಳೆದು ಹೋದ ಕಲ್ಲಿನ ಮೇಲೆ ಸಾರಜನಕ ಬೇಕಿದ್ದರೆ ಅದನ್ನು ಹುಳಗಳಿಂದಲೇ ಕಿತ್ತುಕೊಳ್ಳಬೇಕು. ಸರಕಾರಿ ಕಡತದಲ್ಲಿ ಇಂಥ ಜಾಗಕ್ಕೆ ಬಂಜರು ಎಂದು ಹೆಸರು. ಬರೆದವರು ಮೇ ತಿಂಗಳಲ್ಲಿ ನೋಡಿರಬೇಕು.

ಮುರಕಲ್ಲಿನ ಕೆಳಗೆ ಶೇಡಿ. ಬಿಳಿ, ನಸುಗೆಂಪು, ಅರಿಶಿನ ಬಣ್ಣಗಳ ಮೆತ್ತಗಿನ ಮಣ್ಣು. ಒಣಗಿದಾಗ ಪೌಡರು, ಒದ್ದೆಯಾದರೆ ಸಾಬೂನು. ಪಾದೆ ಕರಗುತ್ತಿರುವ ದಾರಿಯ ಅರ್ಧದಲ್ಲಿ ಇರುವ ಸ್ಥಿತಿ ಅದು. ಕಲ್ಲಿನ ಫೆಲ್ಡ್‌ಸ್ಪಾರ್ ಕೊಳೆತು ಕೆಯೋಲಿನ್ ಎಂಬ ಜೇಡಿಯಾಗಿದೆ, ಕಬ್ಬಿಣ ಇನ್ನೂ ಗಟ್ಟಿಯಾಗಿ ಕೂತಿಲ್ಲ. ತೂತಿನ ಮುರಕಲ್ಲಿನಲ್ಲಿ ಸರಸರ ಇಳಿದ ಮಳೆನೀರು ಶೇಡಿಗೆ ಬಂದಾಗ ತಡೆಯುತ್ತದೆ. ಮುಂದಿನ ಕಥೆಗೆ ಒಳ್ಳೆಯ ಮುಖವೂ ಇದೆ, ಕೆಟ್ಟ ಮುಖವೂ ಇದೆ.

ಒಳ್ಳೆಯದು ಮೊದಲು. ಕೆಳಗೆ ಹೋಗಲಾರದ ನೀರು ಅಡ್ಡಕ್ಕೆ ಹರಿದು ಗುಡ್ಡದ ಮಗ್ಗುಲಲ್ಲಿ ಒರತೆಯಾಗಿ ಹೊರಬೀಳುತ್ತದೆ. ಕದ್ರಿ ಮಂಜುನಾಥನ ಹಿಂದೆ ಗುಡ್ಡದ ಬುಡದಲ್ಲಿ ಗೋಮುಖದಿಂದ ನೀರು ಸುರಿಯುವುದನ್ನೂ ಕೆಳಗಿನ ಕೆರೆಗಳನ್ನೂ ಈ ಕಣ್ಣಿನಿಂದ ನೋಡಬೇಕು. ಆ ದೇವಸ್ಥಾನದ ಕಂಚಿನ ಲೋಕೇಶ್ವರ ಮೂರ್ತಿಯ ಶಾಸನ ಕ್ರಿ.ಶ. 968ರದು, ಆಳುಪ ದೊರೆ ಕುಂದವರ್ಮನದು. ನೀರು ಇರುವಲ್ಲಿಗೆ ದೇವರು ಬಂದರೋ, ದೇವರಿರುವಲ್ಲಿ ನೀರು ಬಂತೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ದಕ್ಷಿಣಕ್ಕೆ, ಕಾಸರಗೋಡಿನ ಗಡಿಯ ಹಳ್ಳಿಗಳಲ್ಲಿ, ಜನ ಒರತೆಗೆ ಕಾಯದೆ ತಾವೇ ಅದನ್ನು ಹುಡುಕಿಕೊಂಡು ಹೋದರು. ಗುಡ್ಡಕ್ಕೆ ಅಡ್ಡಲಾಗಿ ಆಳೆತ್ತರದ ಸುರಂಗ ಕೊರೆದು, ಒಳಗೆ ಜಿನುಗುವ ನೀರನ್ನು ಪಂಪು-ಕರೆಂಟು ಏನೂ ಇಲ್ಲದೆ ಹೊರತರುವ ವಿದ್ಯೆ ಇದು. ಮುರಕಲ್ಲು ಕೊರೆಯುವಷ್ಟು ಮೆತ್ತಗಿದೆ, ಕುಸಿಯದೆ ನಿಲ್ಲುವಷ್ಟು ಗಟ್ಟಿಯೂ ಇದೆ. ಈ ಎರಡು ಗುಣ ಒಟ್ಟಿಗೆ ಇರುವ ಕಲ್ಲು ಸುಲಭಕ್ಕೆ ಸಿಗದು. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆಯುತ್ತ, ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಸಿಗದಿದ್ದರೂ ಬಿಡದೆ, ಕೊನೆಗೆ ನೀರು ಕಂಡು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕೆಟ್ಟ ಮುಖ ಮಳೆಗಾಲದ ಪತ್ರಿಕೆಯಲ್ಲಿ ಕಾಣುತ್ತದೆ. ರಸ್ತೆಗೋ ಸೈಟಿಗೋ ಗುಡ್ಡವನ್ನು ನೆಟ್ಟಗೆ ಕತ್ತರಿಸಿದಾಗ ಮೇಲಿನ ಮುರಕಲ್ಲು ಗೋಡೆಯ ಹಾಗೆ ನಿಲ್ಲುತ್ತದೆ. ಕತ್ತರಿಸಿದವರಿಗೆ ಧೈರ್ಯ ಬರುತ್ತದೆ. ಕೆಳಗಿನ ಶೇಡಿ ಬಿಸಿಲಿನಲ್ಲಿ ಸಾಧುವೇ. ಮೊದಲ ದೊಡ್ಡ ಮಳೆಗೆ ನೀರು ಕುಡಿದು, ತಾನು ಹೊತ್ತ ಕಲ್ಲಿನ ಸಮೇತ ಜಾರುತ್ತದೆ. 2019ರ ಆಗಸ್ಟ್‌ನಲ್ಲಿ ಪಡೀಲ್-ಕುಲಶೇಖರದ ನಡುವೆ ಹೀಗೆ ಗುಡ್ಡ ಜರಿದು ರೈಲುಗಳು ದಿನಗಟ್ಟಲೆ ನಿಂತವು. ಸುರತ್ಕಲ್‌ನ ಎನ್‌ಐಟಿಕೆಯ ಸಿವಿಲ್ ವಿಭಾಗದವರು ಶೇಡಿಯ ಬಗ್ಗೆ ಸಾಕಷ್ಟು ಪ್ರಬಂಧ ಬರೆದಿದ್ದಾರೆ, ಇಂಗ್ಲಿಷಿನಲ್ಲೂ ಅದನ್ನು ಶೇಡಿ ಎಂದೇ ಕರೆದಿದ್ದಾರೆ. ಅಜ್ಜಿಯ ಮುಖ ಯಾಕೆ ಸಣ್ಣದಾಯಿತು ಎನ್ನುವುದಕ್ಕೆ ಅವು ಲೆಕ್ಕ ಸಮೇತ ಉತ್ತರ.

ಶೇಡಿಯೂ ಜೇಡಿಯೇ ಆದ್ದರಿಂದ ಮಂಗಳೂರು ಹಂಚು ಅದರಿಂದಲೇ ಆದದ್ದು ಎಂದುಕೊಳ್ಳಬೇಡಿ. ಹಂಚಿನ ಮಣ್ಣು ಶೇಡಿಯಲ್ಲ, ಅದು ಹೊಳೆಗಳು ಬೈಲಿಗೆ ತಂದು ಹಾಕಿದ ಜೇಡಿ. ನೇತ್ರಾವತಿ, ಗುರುಪುರ ಹೊಳೆಗಳ ದಡದ ಆ ಮಣ್ಣನ್ನು ನೋಡಿಯೇ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು. ಮುರಕಲ್ಲಿನ ಗೋಡೆಯ ಮೇಲೆ ಮಂಗಳೂರು ಹಂಚಿನ ಮಾಡು. ಗೋಡೆ ಮಳೆ ಸುಟ್ಟ ಮಣ್ಣು, ಮಾಡು ಬೆಂಕಿ ಸುಟ್ಟ ಮಣ್ಣು. ಎರಡರ ಕೆಂಪಿಗೂ ಕಾರಣ ಒಂದೇ ಕಬ್ಬಿಣ.

ಮೂರನೆಯದು ಪಾದೆ. ಅದನ್ನು ನೋಡಲು ಬಾವಿಗೆ ಇಳಿಯಬೇಕಿಲ್ಲ, ಸೋಮೇಶ್ವರಕ್ಕೆ ಹೋದರೆ ಸಾಕು. ಅಲೆಗಳು ಸಾವಿರಾರು ವರ್ಷ ಬಡಿದು ಮೇಲಿನ ಎರಡೂ ಪದರಗಳನ್ನು ಕಿತ್ತು ಹಾಕಿದ ಮೇಲೆ ಉಳಿದದ್ದು ದೇವಸ್ಥಾನದ ಬಳಿಯ ರುದ್ರಪಾದೆ. ಕಾಪುವಿನಲ್ಲಿ 1901ರ ದೀಪಸ್ತಂಭ ನಿಂತಿರುವುದೂ ಇಂಥ ಬಂಡೆಯ ಮೇಲೆಯೇ. ದಕ್ಷಿಣ ಭಾರತದ ತಳಪಾಯವಾದ ಈ ನೈಸ್ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು, ಕೆಲವೆಡೆ 300 ಕೋಟಿ ದಾಟುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡವೂ ಇದೇ ಬಳಗದ್ದು. ಅಂದರೆ ಈ ಬಂಡೆ ಹುಟ್ಟಿದಾಗ ಎದುರಿನ ಅರಬ್ಬೀ ಸಮುದ್ರ ಇರಲೇ ಇಲ್ಲ.

ಹಾಗಾದರೆ ಕಡಲು ಯಾವಾಗ ಬಂತು? ಪುರಾಣ ಕೇಳಿದರೆ ಪರಶುರಾಮ ಕೊಡಲಿ ಎಸೆದ, ಕಡಲು ಹಿಂದೆ ಸರಿಯಿತು ಎನ್ನುತ್ತದೆ. ಕಲ್ಲಿನ ಉತ್ತರಕ್ಕೆ ಮಲ್ಪೆಗೆ ಹೋಗಬೇಕು. ಸೈಂಟ್ ಮೇರೀಸ್ ದ್ವೀಪಕ್ಕೆ ಊರವರು ತೋನ್ಸೆಪಾರ್ ಎನ್ನುತ್ತಾರೆ. ಅಲ್ಲಿ ಐದು, ಆರು, ಏಳು ಮೂಲೆಗಳ ಕಲ್ಲಿನ ಕಂಬಗಳು, ಯಾರೋ ಅಚ್ಚು ಹಾಕಿ ನೆಟ್ಟ ಹಾಗೆ. ಡೆಕ್ಕನ್ ಟ್ರಾಪ್‌ನ ಬಸಾಲ್ಟ್ ಎಂದು ಬಹಳ ಮಂದಿ ತಿಳಿದಿದ್ದಾರೆ, ಎರಡೂ ತಪ್ಪು. ಇದು ಸಿಲಿಕಾ ಹೆಚ್ಚಿರುವ ಬೇರೆ ಜಾತಿಯ ಲಾವಾ. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ, ಡೆಕ್ಕನ್ ಲಾವಾಕ್ಕಿಂತ ಎರಡು ಕೋಟಿ ವರ್ಷದಷ್ಟು ಹಿರಿದು. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಮಗ್ಗುಲಿಗೆ ಅಂಟಿಕೊಂಡಿತ್ತು. ಅದು ಕಳಚಿಕೊಂಡು ಹೋಗುವ ಹೊತ್ತಿನಲ್ಲಿ ನೆಲ ಬಿರಿದು ಲಾವಾ ಉಕ್ಕಿತು, ಬಿರುಕಿಗೆ ಕಡಲು ಬಂತು. ತೋನ್ಸೆಪಾರ್ ನಮ್ಮ ಕಡಲಿನ ಹೊಕ್ಕುಳ ಗುರುತು.

ಕಂಬ ಯಾಕೆ ಆರು ಮೂಲೆಯದು? ಆರುವ ಲಾವಾ ಕುಗ್ಗುತ್ತದೆ, ಕುಗ್ಗಿದ್ದು ಬಿರಿಯಲೇಬೇಕು. ಮಾರ್ಚ್ ತಿಂಗಳ ಗದ್ದೆಯಲ್ಲಿ ಕೆಸರು ಬಿರಿಯುವ ಹಾಗೆ. ಆದರೆ ಕೆಸರಿನ ಬಿರುಕುಗಳು ಸಾಮಾನ್ಯವಾಗಿ ಒಂದಕ್ಕೊಂದು ಅಡ್ಡ ಕೂಡುತ್ತವೆ. ಲಾವಾದಲ್ಲಿ ಬಿರುಕು ಮೇಲಿನಿಂದ ಕೆಳಕ್ಕೆ ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತದೆ. ಇಳಿಯುತ್ತಾ ತನ್ನನ್ನು ತಾನೇ ತಿದ್ದಿಕೊಂಡು, ಮೂರು ಬಿರುಕು ಸಮ ಕೋನದಲ್ಲಿ ಕೂಡುವ ವ್ಯವಸ್ಥೆಗೆ ಬರುತ್ತದೆ. ಅತಿ ಕಡಿಮೆ ಬಿರುಕಿನಲ್ಲಿ ಅತಿ ಹೆಚ್ಚು ಬಿಗುಪು ಸಡಿಲವಾಗುವ ದಾರಿ ಅದು. ನಿಧಾನಕ್ಕೆ ಆರಿದರೆ ದಪ್ಪ ಕಂಬ, ಬೇಗ ಆರಿದರೆ ಸಪೂರ. ಬಸಾಲ್ಟ್‌ನಲ್ಲಿ ಈ ಬಿರಿತ 840ರಿಂದ 890 ಡಿಗ್ರಿ ಸೆಲ್ಸಿಯಸ್ ನಡುವೆ ನಡೆಯುತ್ತದೆ ಎಂದು 2018ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ತೋರಿಸಿದರು. ನಂಬಿಕೆ ಬಾರದಿದ್ದರೆ ಕಾರ್ನ್‌ಫ್ಲೋರ್ ಮತ್ತು ನೀರು ಸಮಸಮ ಕಲಸಿ ಲೋಟದಲ್ಲಿ ಬಲ್ಬಿನ ಕೆಳಗೆ ಕೆಲವು ದಿನ ಒಣಗಿಸಿ. ಗಟ್ಟಿಯಾದದ್ದನ್ನು ಮುರಿದು ನೋಡಿದರೆ ಒಳಗೆ ಬೆಂಕಿಕಡ್ಡಿಯಷ್ಟು ಸಪೂರದ ತೋನ್ಸೆಪಾರ್.

ಇಂಥದೇ ಕಂಬಗಳ ಕಡಲತೀರ ಐರ್ಲೆಂಡ್ ದ್ವೀಪದ ಉತ್ತರ ತುದಿಯ ಆಂಟ್ರಿಮ್ ಜಿಲ್ಲೆಯಲ್ಲಿದೆ. ಸುಮಾರು 40,000 ಕಂಬಗಳು. 1986ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅಲ್ಲಿನವರ ಕಥೆಯಲ್ಲೂ ಒಬ್ಬ ಮಹಾಕಾಯನಿದ್ದಾನೆ. ಫಿನ್ ಎಂಬ ದೈತ್ಯ ಸ್ಕಾಟ್ಲೆಂಡಿನ ವೈರಿಯ ಜತೆ ಹೊಡೆದಾಡಲು ಕಡಲಿಗೆ ಕಲ್ಲು ಹಾಸಿ ದಾರಿ ಮಾಡಿದನಂತೆ. ನಮ್ಮವನು ಕಡಲನ್ನು ಹಿಂದೆ ಅಟ್ಟಿದ, ಅವರವನು ಕಡಲಿಗೆ ಸೇತುವೆ ಹಾಕಿದ. ಕಲ್ಲಿನ ಕಥೆ ಮಾತ್ರ ಎರಡು ಕಡೆಯೂ ಒಂದೇ: ಸುಮಾರು 6 ಕೋಟಿ ವರ್ಷದ ಹಿಂದೆ ಗ್ರೀನ್‌ಲ್ಯಾಂಡ್ ಯೂರೋಪಿನಿಂದ ಕಳಚಿಕೊಂಡು ಉತ್ತರ ಅಟ್ಲಾಂಟಿಕ್ ಬಾಯಿ ತೆರೆಯುವಾಗ ಉಕ್ಕಿದ ಲಾವಾ ಅದು.

ನನಗೆ ಆ ಕಂಬಗಳಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಅದೇ ತೀರದ ಕಡಿದಾದ ಗೋಡೆಯ ಚಿತ್ರ. ಕೆಳಗೆ ಕಪ್ಪು ಲಾವಾ, ಮೇಲೆ ಕಪ್ಪು ಲಾವಾ, ನಡುವೆ ಕುಂಕುಮದ ಗೆರೆ ಎಳೆದಂತೆ ಕೆಂಪು ಪಟ್ಟಿ. ಅದು ಲ್ಯಾಟರೈಟ್. ನಮ್ಮ ಮುರಕಲ್ಲು! ಮೊದಲ ಲಾವಾ ಆರಿದ ಮೇಲೆ ಮುಂದಿನದು ಬರುವ ತನಕ ದೀರ್ಘ ವಿರಾಮವಿತ್ತು. ಆಗಿನ ಭೂಮಿ ಈಗಿನದಕ್ಕಿಂತ ಬೆಚ್ಚಗಿತ್ತು. ಐರ್ಲೆಂಡಿನಲ್ಲೂ ಸೆಕೆ, ಜಡಿಮಳೆ. ಕರಿಕಲ್ಲು ಕರಗಿ ಕೆಂಪು ಉಳಿಯಿತು. 19ನೇ ಶತಮಾನದಲ್ಲಿ ಅಲ್ಲಿನವರು ಆ ಪಟ್ಟಿಯಿಂದ ಕಬ್ಬಿಣದ ಅದಿರು ತೆಗೆದದ್ದೂ ಉಂಟು. ಆಂಟ್ರಿಮ್‌ನಲ್ಲಿ ಅದು ಎಂದೋ ಮುಗಿದ ಮಳೆಗಾಲದ ಪಳೆಯುಳಿಕೆ. ಇಲ್ಲಿ ಆ ಮಳೆಗಾಲ ಮುಗಿದೇ ಇಲ್ಲ, ಪ್ರತಿ ಜೂನ್‌ನಲ್ಲಿ ಮತ್ತೆ ಶುರುವಾಗುತ್ತದೆ.

ಬಾವಿಯಲ್ಲಿ ಸಿಗದ ನಾಲ್ಕನೆಯ ಪದರವೊಂದಿದೆ, ಮರಳು. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗದ ತುದಿಯಲ್ಲಿ ಕಡಲಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ದಡ ಪಶ್ಚಿಮಕ್ಕೆ ಬಲು ದೂರ. ನೀರು ಮರಳಿ ಏರಿದ ಮೇಲೆಯೇ ಅಲೆಗಳು ಮರಳು ಪೇರಿಸಿ ಈಗಿನ ಬೆಂಗ್ರೆ, ತಣ್ಣೀರುಬಾವಿಗಳ ನೀಳ ನಾಲಿಗೆ ಮಾಡಿದ್ದು. ಗುರುಪುರ ಹೊಳೆ ಕಡಲಿನ ಹತ್ತಿರ ಬಂದೂ ಆ ನಾಲಿಗೆಯ ಹಿಂದೆ ದಕ್ಷಿಣಕ್ಕೆ ತಿರುಗಿ, ನೇತ್ರಾವತಿಯನ್ನು ಕೂಡಿ, ಒಂದೇ ಅಳಿವೆ ಬಾಗಿಲಿನಿಂದ ಹೊರಹೋಗುತ್ತದೆ. ಮರಳು ಅಲೆಯ ಜತೆ ನಡೆಯುವ ವಸ್ತು. ಒಂದು ಕಡೆ ತಡೆದರೆ ಇನ್ನೊಂದು ಕಡೆ ಕೊರತೆ, ಇದನ್ನು ಉಳ್ಳಾಲದವರಿಗೆ ಯಾರೂ ಪಾಠ ಮಾಡಬೇಕಿಲ್ಲ. ಅಲ್ಲಿನ ಕಡಲ ಕೊರೆತಕ್ಕೆ ಸುರಿದ ಬಂಡೆಗಳೂ ಯಾವುದೋ ಪಾದೆ ಒಡೆದು ತಂದವೇ.

ಜುಲೈಯಲ್ಲಿ ಉಳ್ಳಾಲದ ಸೇತುವೆಯ ಮೇಲಿಂದ ನೇತ್ರಾವತಿಯನ್ನು ನೋಡಿದರೆ ಕೆಂಪು ಚಹಾ. ಕಣ್ಣಿಗೆ ಕಾಣುವುದು ಮಣ್ಣು. ಕಾಣದೆ ಹೋಗುತ್ತಿರುವುದು ಕರಗಿದ ಸಿಲಿಕಾ, ಮುರಕಲ್ಲಿನ ತೂತುಗಳಿಂದ ಕಾಣೆಯಾದದ್ದು. ಕಡಲಿನಲ್ಲಿ ಅದಕ್ಕೆ ಕಾಯುತ್ತಿರುವವರಿದ್ದಾರೆ: ಡಯಾಟಮ್ ಎಂಬ ಏಕಕೋಶ ಪಾಚಿಗಳು. ಅವು ಸಿಲಿಕಾದಿಂದಲೇ ತಮ್ಮ ಗಾಜಿನ ಚಿಪ್ಪು ಕಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಹೊಳೆ ತಂದದ್ದೂ, ಆಳದಿಂದ ಮೇಲೇಳುವ ತಣ್ಣೀರು ತಂದದ್ದೂ ಸೇರಿ ಅವು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಅವುಗಳನ್ನು ಸೋಸಿ ತಿಂದು ಕೊಬ್ಬುವುದು ಬೂತಾಯಿ ಮೀನು. ಮಳೆ ಬಿಟ್ಟು ದೋಣಿಗಳು ಕಡಲಿಗಿಳಿದ ಮೇಲೆ ಬಂದರಿನ ದಕ್ಕೆಯಲ್ಲಿ ರಾಶಿ ಬೀಳುವ ಬೂತಾಯಿಗೆ ಮೈತುಂಬ ಎಣ್ಣೆ. ಅಜ್ಜಿ ಅದನ್ನು ತೊಳೆಯುತ್ತಿದ್ದದ್ದು ಆ ಬಾವಿಯ ನೀರಿನಲ್ಲಿ, ಬಾವಿಕಟ್ಟೆಯ ಪಕ್ಕದ ಮುರಕಲ್ಲಿನ ಮೇಲೆ ಕೂತು.